ತಪ್ಪಿಲ್ಲದ ಒಂಬತ್ತನೇ ಪ್ರಶ್ನೆ

ಪ್ರಶ್ನೆಪತ್ರಿಕೆಯಲ್ಲಿ ತಪ್ಪು ಉಳಿದುಹೋಗಿ ಪೇಚಿಗೆ ಸಿಕ್ಕಿದ ಮೇಷ್ಟ್ರುಗಳನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಇದ್ದ ತಪ್ಪು ಮಾಯವಾಗಿ ಪೇಚಿಗೆ ಸಿಕ್ಕಿದವರು ಬಹುಶಃ ನಮ್ಮ ಯೂನಿಟ್ ಮೇಷ್ಟ್ರೊಬ್ಬರೇ. ಮಹಾ ಹೆಮ್ಮೆಯ ದಿನವಾಗಬೇಕಿದ್ದ ಆ ದಿನ ಒಂಬತ್ತನೇ ಪ್ರಶ್ನೆ ಅವರನ್ನು ಬುಗುರಿಯ ಹಾಗೆ ಆಡಿಸಿಬಿಟ್ಟಿತು.

ಯೂನಿಟ್ ಮೇಷ್ಟ್ರು ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಹುಡುಗರು ಇಟ್ಟದ್ದು. ಕಾಲೇಜಿನ ಮೊದಲ ವರ್ಷದವರಿಗೆ ಅವರು ಮೆಕ್ಯಾನಿಕ್ಸ್ ಪಾಠ ಮಾಡುತ್ತಿದ್ದರು. ಲೆಕ್ಕದ ಉತ್ತರ ಎಷ್ಟೇ ಸರಿಯಿರಲಿ, ಪಕ್ಕದಲ್ಲಿ ಮೀಟರೋ ಸೆಕೆಂಡೋ ಬರೆಯದಿದ್ದರೆ ಅಂಕಕ್ಕೆ ಕತ್ತರಿ ಬಿತ್ತೆಂದೇ ಲೆಕ್ಕ. "ಐದು ಅಂತ ಬರ್ದಿದೀಯಲ್ಲಪ್ಪಾ, ಐದು ಏನು? ಐದು ಎಮ್ಮೆನಾ? ಐದು ಕೊಡೆನಾ?" ಎಂದು ಇಡೀ ತರಗತಿಯ ಮುಂದೆ ಕೇಳಿ ಹುಡುಗರ ಮುಖ ಸಣ್ಣಗೆ ಮಾಡುತ್ತಿದ್ದರು. ಸಮೀಕರಣದ ಎಡಗಡೆ ಉದ್ದವಿದ್ದರೆ ಬಲಗಡೆಯೂ ಉದ್ದವೇ ಇರಬೇಕು, ಎಡಗಡೆ ಕಾಲವಿದ್ದರೆ ಬಲಗಡೆಯೂ ಕಾಲವೇ. ಇದಕ್ಕೆ ಡೈಮೆನ್ಷನ್ ಹೊಂದಿಸಿ ನೋಡುವುದು ಎನ್ನುತ್ತಾರೆ. ಬೇರೆಯವರಿಗೆ ಅದು ಪಾಠದ ಒಂದು ಭಾಗ, ಯೂನಿಟ್ ಮೇಷ್ಟ್ರಿಗೆ ಉಸಿರಾಟ.

ಮನೆಯಲ್ಲೂ ಅದೇ ಹಾಡು. "ಹೊಸ ಅಂಗಡಿ ಎಷ್ಟು ದೂರ ಇದೆಯೇ?" ಎಂದು ಅವರು ಕೇಳುವುದು, "ಹತ್ತು ನಿಮಿಷ" ಎಂದು ಹೆಂಡತಿ ಹೇಳುವುದು, ಅಲ್ಲಿಂದ ಶುರು. "ದೂರ ಕೇಳಿದ್ರೆ ಕಾಲ ಹೇಳ್ತೀಯಲ್ಲೇ! ಯಾವ ಕತ್ತೆ ನಿನಗೆ ಪಾಠ ಹೇಳಿಕೊಟ್ಟಿದ್ದು?" ಆಕೆ ಅದೇ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದವರು. ದಿನವೆಲ್ಲಾ ಮೌನ ಕಾಪಾಡುವ ಅಭ್ಯಾಸ ಇದ್ದುದರಿಂದ ಸಂಸಾರ ಸುಸೂತ್ರವಾಗಿ ನಡೆದಿತ್ತು.

ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರು ನಿವೃತ್ತರಾಗುವ ಹೊತ್ತು ಬಂದಾಗ ಪ್ರಿನ್ಸಿಪಾಲರು ಯೂನಿಟ್ ಮೇಷ್ಟ್ರನ್ನು ಕರೆಸಿದರು. "ನೋಡ್ರೀ, ಪ್ರತಿ ಸಲವೂ ಮೊದಲ ವರ್ಷದ ಪ್ರಶ್ನೆಪತ್ರಿಕೇಲಿ ಒಂದಲ್ಲ ಒಂದು ಎಡವಟ್ಟು. ದೂರು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಈ ಸಲ ನೀವು ತೆಗೀರಿ. ಒಂದೇ ಒಂದು ದೂರು ಬರದಿದ್ರೆ ಮುಖ್ಯಸ್ಥರ ಕುರ್ಚಿ ನಿಮ್ಮದು."

ಆ ಕುರ್ಚಿ ತಿರುಗುವ ಕುರ್ಚಿ. ಎರಡೂ ಕಡೆ ಕೈಯಿಡುವ ದಿಂಬು. ಹಳೆಯ ಮುಖ್ಯಸ್ಥರು ಊಟಕ್ಕೆ ಹೋದಾಗ ಯೂನಿಟ್ ಮೇಷ್ಟ್ರು ಒಂದು ಸಲ ಅದರ ಮೇಲೆ ಕೂತು, ಬಾಗಿಲು ಹಾಕಿದೆಯೇ ಎಂದು ನೋಡಿಕೊಂಡು, ಒಂದು ಪೂರ್ತಿ ಸುತ್ತು ತಿರುಗಿದ್ದರು. ಕುರ್ಚಿ ತಮಗೇ ಸಿಗಲಿದೆಯೆಂದು ಹೆಂಡತಿಗೆ ಹೇಳಿದರು. ಹೆಂಡತಿ ತನ್ನ ಅಕ್ಕನಿಗೆ ಹೇಳಿದರು. ಅಕ್ಕ ಉಳಿದವರಿಗೆಲ್ಲಾ ಹೇಳಿದ ಮೇಲೆ ಕುರ್ಚಿ ಸಿಗದೇ ಇರುವಂತೆಯೇ ಇರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಕನ್ನಡಿಯ ಮುಂದೆ ತಲೆ ಬಾಚುತ್ತಾ ಮೇಷ್ಟ್ರು ಹೇಳಿದರು: "ಪತ್ರಿಕೆ ಅಂದ್ರೆ ಹೀಗಿರಬೇಕು ಕಣೇ. ಅಚ್ಚಿಗೆ ಮುಂಚೆ ತಿದ್ದೋಕೆ ಪ್ರೂಫ್ ಬಂದಾಗ ಒಂದೇ ಒಂದು ತಪ್ಪಿತ್ತು. ಅದನ್ನೂ ಬಿಡಲಿಲ್ಲ ನಾನು."

"ಗೊತ್ತು, ಗೊತ್ತು. ಆವತ್ತು ಮನೆ ತುಂಬಾ ಓಡಾಡಿಕೊಂಡು ಹೇಳಿದ್ರಲ್ಲ," ಎಂದರು ಹೆಂಡತಿ. ಅವರ ದನಿಯಲ್ಲೂ ಹೆಮ್ಮೆಯಿತ್ತು. "ಯಾವ ಪ್ರಶ್ನೇಲಿತ್ತು ಆ ತಪ್ಪು?"

"ಯಾವುದೋ ಒಂದು. ದಿನಕ್ಕೆ ಎಷ್ಟು ಹಿಡೀತೀನಿ, ಎಲ್ಲಾ ನೆನಪಿಟ್ಕೊಳ್ಳೋಕಾಗುತ್ತಾ?"

ಇಡೀ ಪತ್ರಿಕೆಯಲ್ಲಿ ಅವರ ಮುದ್ದಿನ ಕೂಸೆಂದರೆ ಒಂಬತ್ತನೇ ಪ್ರಶ್ನೆ. ಇಪ್ಪತ್ತು ಅಂಕದ್ದು. 'ಒಬ್ಬ ವಿದ್ಯಾರ್ಥಿ ವಿ ವರ್ಗ ಸಮ ಯು ವರ್ಗ ಪ್ಲಸ್ ಟು ಎ ಟಿ ಎಂದು ಬರೆದಿದ್ದಾನೆ. ಇದರಲ್ಲಿ ತಪ್ಪಿದೆ. ಡೈಮೆನ್ಷನ್ ನೋಡಿ ತಪ್ಪು ಹಿಡಿಯಿರಿ. ಆಮೇಲೆ ಕ್ಯಾಲ್ಕುಲಸ್ ಬಳಸಿ ಸರಿಯಾದ ಸಮೀಕರಣವನ್ನು ಸಾಧಿಸಿ.' ವಿ, ಯು ಎಂದರೆ ವೇಗ, ಎ ಎಂದರೆ ವೇಗ ಏರುವ ದರ. ಕೊನೆಯಲ್ಲಿ ಬರಬೇಕಾದದ್ದು ಎಸ್, ಎಂದರೆ ಸಾಗಿದ ದೂರ. ಬೇಕೆಂದೇ ಅಲ್ಲಿ ಟಿ, ಎಂದರೆ ಕಾಲ, ಇಟ್ಟಿದ್ದರು. ಟಿ ಹಾಕಿದರೆ ವೇಗದ ವರ್ಗಕ್ಕೆ ಬರೀ ವೇಗವನ್ನು ಕೂಡಿಸಿದ ಹಾಗಾಗುತ್ತದೆ, ಹೊಲದ ವಿಸ್ತೀರ್ಣಕ್ಕೆ ಬೇಲಿಯ ಉದ್ದ ಕೂಡಿಸಿದ ಹಾಗೆ. ಬಾಯಿಪಾಠದ ಹುಡುಗರು ಮುಗ್ಗರಿಸಬೇಕು, ಯೋಚಿಸುವವರು ಗೆಲ್ಲಬೇಕು. ಅಂಥ ಪ್ರಶ್ನೆ ತಮ್ಮ ತಲೆಯಲ್ಲಿ ಹುಟ್ಟಿತಲ್ಲಾ ಎಂದು ಮೇಷ್ಟ್ರಿಗೆ ತಮ್ಮ ತಲೆಯ ಮೇಲೇ ಪ್ರೀತಿ ಬಂದುಬಿಟ್ಟಿತ್ತು.

ಪರೀಕ್ಷೆ ನಡೆಯುತ್ತಿದ್ದದ್ದು ಎದುರುಬದುರಿನ ಎರಡು ಕೋಣೆಗಳಲ್ಲಿ. ಒಂದು ಕೋಣೆಗೆ ಇತಿಹಾಸದ ಮೇಷ್ಟ್ರು ಕಾವಲು, ಇನ್ನೊಂದಕ್ಕೆ ಗಣಿತದ ಮೇಷ್ಟ್ರು. ಪತ್ರಿಕೆ ತೆಗೆದವರೆಂಬ ಅಧಿಕಾರದಿಂದ ಯೂನಿಟ್ ಮೇಷ್ಟ್ರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಇತಿಹಾಸದವರ ಕೋಣೆಗೆ ದಯಮಾಡಿಸಿದರು. ಮೊದಲ ಬೆಂಚಿನ ಹುಡುಗಿ ಎದ್ದು ನಿಂತಳು.

"ಸಾರ್, ಒಂಬತ್ತನೇ ಪ್ರಶ್ನೇಲಿ ತಪ್ಪೇ ಇಲ್ಲ ಸಾರ್."

ಮೇಷ್ಟ್ರ ಮುಖ ಅರಳಿತು. "ಥ್ಯಾಂಕ್ಸ್ ಕಣಮ್ಮಾ. ಒಂಬತ್ತು ಅಂತೇನು, ಹುಡುಕಿದ್ರೆ ಯಾವುದರಲ್ಲೂ ಸಿಗಲ್ಲ."

"ಸಾರ್, ನನಗೂ ಸಿಗ್ತಿಲ್ಲ ಸಾರ್," ಎಂದ ಹಿಂದಿನ ಬೆಂಚಿನವನೊಬ್ಬ.

"ಹೇಗಪ್ಪಾ ಸಿಗುತ್ತೆ? ತೆಗೆದೋರು ಯಾರು!"

ಇತಿಹಾಸದ ಮೇಷ್ಟ್ರು ಓಡೋಡಿ ಬಂದು ಕೈ ಹಿಡಿದು ಕುಲುಕಿದರು. "ಪುಣ್ಯ ಮಾಡಿದೀರಿ ಸಾರ್. ಪರೀಕ್ಷೆ ಬರೆಯೋ ಹುಡುಗರೇ ಎದ್ದು ನಿಂತು ಹೊಗಳ್ತಾರೆ ಅಂದ್ರೆ! ಹೋದ ಸಲ ನನ್ನ ಪತ್ರಿಕೇಲಿ ರಾಜ ಸತ್ತ ಮೇಲೆ ಪಟ್ಟಕ್ಕೆ ಬಂದಿದ್ದ."

ಮೊದಲ ಬೆಂಚಿನ ಹುಡುಗಿ ಇನ್ನೂ ನಿಂತೇ ಇದ್ದಳು. "ಅಲ್ಲ ಸಾರ್, 'ತಪ್ಪು ಹಿಡಿಯಿರಿ' ಅಂತ ಕೊಟ್ಟಿದೀರಿ. ತಪ್ಪೇ ಇಲ್ಲದಿದ್ರೆ ಏನು ಹಿಡಿಯೋದು ಸಾರ್? ಇಪ್ಪತ್ತು ಅಂಕ ಸಾರ್."

ಅರಳಿದ್ದ ಮುಖ ಅಲ್ಲೇ ಬಾಡಿತು. ಮೇಷ್ಟ್ರು ಅವಳ ಪತ್ರಿಕೆಯನ್ನು ಕಸಿದುಕೊಂಡು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಟು ಎ ಟಿ ಇರಬೇಕಾದ ಕಡೆ ಟು ಎ ಎಸ್ ಎಂದು ಸ್ಫುಟವಾಗಿ ಅಚ್ಚಾಗಿತ್ತು. ಸಮೀಕರಣ ಚಿನ್ನದಂತೆ ಸರಿಯಾಗಿತ್ತು.

"ಅಯ್ಯಯ್ಯೋ! ನನ್ನ ತಪ್ಪನ್ನ ಯಾರೋ ಕದ್ದಿದಾರೆ!"

"ತಪ್ಪನ್ನ ಕದೀತಾರಾ ಸಾರ್?" ಇತಿಹಾಸದ ಮೇಷ್ಟ್ರು ಕಣ್ಣು ಕಣ್ಣು ಬಿಟ್ಟರು.

"ಕದ್ದಿದಾರೆ ಅಂದ್ರೆ ಕದ್ದಿದಾರೆ! ಕುರ್ಚಿ ಹೋಯ್ತು ಸಾರ್, ನನ್ನ ಕುರ್ಚಿ ಹೋಯ್ತು!" ಎಂದ ಮೇಷ್ಟ್ರು ಮರುಕ್ಷಣವೇ ಸಾವರಿಸಿಕೊಂಡರು. ದೂರು ಇನ್ನೂ ಪ್ರಿನ್ಸಿಪಾಲರ ಕಿವಿಗೆ ಬಿದ್ದಿಲ್ಲ. ಅಷ್ಟರೊಳಗೆ ಸರಿಮಾಡಿಬಿಟ್ಟರೆ ಆಯಿತು. ಮೇಜು ಬಡಿದು ಕೂಗಿದರು: "ಎಲ್ಲರೂ ಕೇಳ್ರಪ್ಪಾ! ಒಂಬತ್ತನೇ ಪ್ರಶ್ನೇಲಿ ಒಂದು ತಿದ್ದುಪಡಿ. ಕೊನೇಲಿರೋ ಎಸ್ ಹೊಡೆದುಹಾಕಿ ಟಿ ಬರ್ಕೊಳ್ಳಿ."

"ಸಾರ್, ಟಿ ಬರೆದ್ರೆ ತಪ್ಪಾಗುತ್ತೆ ಸಾರ್."

"ತಪ್ಪಾಗಬೇಕು! ಅದಕ್ಕೇ ಹೇಳ್ತಿರೋದು!"

ಹಿಂದಿನ ಬೆಂಚಿನವನು ಮೆಲ್ಲಗೆ ಕೇಳಿದ: "ಅಂದ್ರೆ ಸಾರ್, ನಾವು ಹಿಡೀಬೇಕಾದ ತಪ್ಪು ಅದೇನಾ? ಟಿ ತೆಗೆದು ಎಸ್ ಹಾಕಿದ್ರೆ ಸರಿಯಾಗುತ್ತಾ?"

ಮೇಷ್ಟ್ರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ತಡವಾಗಿತ್ತು. ಬಾಯಿಪಾಠದವರು, ಯೋಚಿಸುವವರು, ನಿದ್ದೆ ಹೊಡೆಯುತ್ತಿದ್ದವರು, ಮೊದಲ ಬೆಂಚಿನ ಹುಡುಗಿಯೊಬ್ಬಳ ಹೊರತು ಎಲ್ಲರೂ ತಲೆ ಬಗ್ಗಿಸಿ ಒಂದೇ ಉತ್ತರ ಬರೆಯತೊಡಗಿದರು. ಲೇಖನಿಗಳ ಸದ್ದು ಮೇಷ್ಟ್ರ ಎದೆಯನ್ನು ಕೆರೆಯಿತು.

"ಎಷ್ಟು ಉದಾರಿಗಳು ಸಾರ್ ನೀವು," ಎಂದರು ಇತಿಹಾಸದ ಮೇಷ್ಟ್ರು, ಕಣ್ಣೊರೆಸಿಕೊಳ್ಳುತ್ತಾ.

ಎದುರಿನ ಕೋಣೆಯಲ್ಲಿ ಈ ತಪ್ಪು ಮಾಡಬಾರದೆಂದು ಯೂನಿಟ್ ಮೇಷ್ಟ್ರು ನಿಶ್ಚಯಿಸಿಕೊಂಡರು. ಎಸ್ಸಿನ ಸುದ್ದಿಯನ್ನೇ ಎತ್ತದೆ ಇಡೀ ಸಮೀಕರಣವನ್ನು ಬೋರ್ಡಿನ ಮೇಲೆ ಹೊಸದಾಗಿ ಬರೆದು, 'ಇದನ್ನು ನೋಡಿ ಉತ್ತರಿಸಿ' ಎಂದುಬಿಟ್ಟರೆ ಸಾಕು. ಸರಸರನೆ ಒಳಗೆ ಹೋಗಿ ಸೀಮೆಸುಣ್ಣ ಎತ್ತಿಕೊಂಡು ಬರೆದೂ ಬಿಟ್ಟರು. ಟಿ ಬರೆದು ಕೈ ತೆಗೆಯುವಷ್ಟರಲ್ಲಿ ಪಕ್ಕದಿಂದ ಡಸ್ಟರ್ ಬಂದು ಅದನ್ನು ಅಳಿಸಿತು.

ಡಸ್ಟರಿನ ಹಿಂದೆ ಗಣಿತದ ಮೇಷ್ಟ್ರಿದ್ದರು. ಕ್ಯಾಂಟೀನಿನ ಬೋರ್ಡಿನಲ್ಲಿ ಲೆಕ್ಕ ತಪ್ಪಿದ್ದರೆ ಅಲ್ಲೇ ನಿಂತು ತಿದ್ದಿ, ಆಮೇಲೆ ಚಹಾ ಕುಡಿಯುವ ಆಸಾಮಿ. "ಮೇಷ್ಟ್ರೇ, ನಾನಿರೋ ಕೋಣೇಲಿ ತಪ್ಪು ಸಮೀಕರಣ ಬರೆಯೋಕೆ ಬಿಡಲ್ಲ."

"ತಪ್ಪಾಗಿರಬೇಕು ರೀ ಅದು! ಹುಡುಗರು ಹಿಡೀಲಿ ಅಂತ!"

"ನಿಮ್ಮ ಮರ್ಯಾದೆ ಪ್ರಶ್ನೆ ಇದು. ಡೈಮೆನ್ಷನ್ ಹೊಂದಲ್ಲ. ಯಾರಾದ್ರೂ ನೋಡಿದ್ರೆ ಏನಂದಾರು?" ಎಂದು ಗಣಿತದವರು ಅಲ್ಲಿ ಎಸ್ ಬರೆದರು.

"ಡೈಮೆನ್ಷನ್ ಪಾಠ ನನಗೆ ಹೇಳ್ತೀರಾ?" ಎಂದು ಯೂನಿಟ್ ಮೇಷ್ಟ್ರು ಅಂಗೈಯಲ್ಲಿ ಎಸ್ ಅಳಿಸಿ ಟಿ ಬರೆದರು.

"ನಿಮಗಲ್ದೆ ಯಾರಿಗೆ ಹೇಳಲಿ? ಕ್ಯಾಲ್ಕುಲಸ್ ಮಾಡ್ತಾ ಡಿ ಟಿ ಮೇಲೊಂದು ಕೆಳಗೊಂದು ಇದ್ರೆ ಮಾಮೂಲಿ ಭಿನ್ನರಾಶಿ ಅನ್ನೋ ಹಾಗೆ ಗೆರೆ ಎಳೆದು ಹೊಡೆದುಹಾಕೋ ಜನ ನೀವು!"

"ಉತ್ತರ ಬರುತ್ತಲ್ರೀ!"

"ಜೇಬು ಕತ್ತರಿಸಿದ್ರೂ ದುಡ್ಡು ಬರುತ್ತೆ!"

ಹುಡುಗರ ತಲೆಗಳು ಗಡಿಯಾರದ ಲೋಲಕದಂತೆ ಅತ್ತಿಂದಿತ್ತ ಆಡುತ್ತಿದ್ದವು. "ಸಾರ್, ಯಾವುದು ಬರ್ಕೊಳ್ಳೋದು ಸಾರ್?" ಎಂದು ಯಾರೋ ಕೇಳಿದ್ದು ಇಬ್ಬರಿಗೂ ಕೇಳಿಸಲಿಲ್ಲ. ಬೋರ್ಡಿನ ಆ ಮೂಲೆ ಬಿಳಿ ಹೊಗೆಯಾಗಿ, ಟಿ ಯಾವುದು ಎಸ್ ಯಾವುದು ಎಂದು ತಿಳಿಯದಾಯಿತು. ಗಲಾಟೆ ಕೇಳಿ ಪ್ರಿನ್ಸಿಪಾಲರು ಬಾಗಿಲಲ್ಲಿ ಬಂದು ನಿಂತಾಗ ಇಬ್ಬರು ಮೇಷ್ಟ್ರುಗಳ ಮೀಸೆಯೂ ಅಜ್ಜಂದಿರ ಮೀಸೆಯಂತಾಗಿತ್ತು.

"ಪರೀಕ್ಷೆ ಮುಗಿದ ಮೇಲೆ ಇಬ್ಬರೂ ನನ್ನ ಕೋಣೆಗೆ ಬನ್ನಿ," ಎಂದಷ್ಟೇ ಹೇಳಿ ಅವರು ಹೋದರು.

ಪ್ರಿನ್ಸಿಪಾಲರ ಕೋಣೆಯಲ್ಲಿ ವಿಚಾರಣೆ ನಡೆಯಿತು. ಅಷ್ಟು ಹೊತ್ತಿಗೆ ಯೂನಿಟ್ ಮೇಷ್ಟ್ರು ಮೀಸೆ ಒರೆಸಿಕೊಂಡಿದ್ದರು, ಸಿಟ್ಟು ಮಾತ್ರ ಒರೆಸಿ ಹೋಗುವಂಥದ್ದಲ್ಲ.

ಮೊದಲು ಪರೀಕ್ಷಾ ವಿಭಾಗದ ಟೈಪಿಸ್ಟ್ ಮೇಡಂ ಸರದಿ. "ನಾನು ಟಿ ಅಂತಾನೇ ಹೊಡೆದಿದ್ದು ಸಾರ್. ಆಮೇಲೆ ಪ್ರೂಫ್ ನನ್ನ ಕೈಗೇ ಬರಲಿಲ್ಲ. ಮುಚ್ಚಿದ ಕವರಲ್ಲಿ ಮೇಷ್ಟ್ರ ಹತ್ರ ಹೋಯ್ತು, ಮುಚ್ಚಿದ ಕವರಲ್ಲೇ ಪ್ರೆಸ್ಸಿಗೆ ಹೋಯ್ತು."

ಪ್ರೆಸ್ಸಿನವರಿಗೆ ಫೋನಾಯಿತು. "ಬಂದದ್ದನ್ನ ಬಂದ ಹಾಗೆ ಅಚ್ಚು ಹಾಕ್ತೀವಿ ಸ್ವಾಮಿ," ಎಂದಿತು ಆ ಕಡೆಯ ದನಿ. "ತಲೆಕೆಳಗಾಗಿ ಬಂದ್ರೆ ತಲೆಕೆಳಗೇ ಹಾಕ್ತೀವಿ. ಓದೋ ಅಭ್ಯಾಸ ನಮಗಿಲ್ಲ."

ಯೂನಿಟ್ ಮೇಷ್ಟ್ರು ನೇರವಾಗಿ ಗಣಿತದ ಮೇಷ್ಟ್ರ ಕಡೆ ಬೆರಳು ಚಾಚಿದರು. "ಇನ್ಯಾರು ಸಾರ್? ಇವರದ್ದೇ ಕೈವಾಡ. ಕ್ಯಾಂಟೀನ್ ಬೋರ್ಡನ್ನೂ ಬಿಡದ ಕೈ ಇದು!"

ಗಣಿತದ ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗಾದರು. "ನನ್ನ ಕೈಗೆ ಸಿಕ್ಕಿದ್ರೆ ಖಂಡಿತಾ ತಿದ್ತಿದ್ದೆ. ಆದ್ರೆ ಕೆಳಗೆ ರುಜು ಹಾಕ್ತಿದ್ದೆ. ಕದ್ದು ಮುಚ್ಚಿ ತಿದ್ದೋ ಜಾಯಮಾನ ನಂದಲ್ಲ."

ಆ ಮಾತಿನಲ್ಲಿ ನಿಜವಿದೆಯೆಂದು ಪ್ರಿನ್ಸಿಪಾಲರಿಗೂ ಅನ್ನಿಸಿತು. ಮೇಜಿನ ಮೇಲಿದ್ದ ಒಂದು ಉತ್ತರಪತ್ರಿಕೆಯನ್ನು ಎತ್ತಿಕೊಂಡರು. "ಇದು ಮೊದಲ ಬೆಂಚಿನ ಹುಡುಗಿದು. ನಿಮ್ಮ ತಿದ್ದುಪಡಿಗೆ ಮುಂಚೆನೇ ಬರೆದು ಮುಗಿಸಿದ್ದಳಂತೆ, ಹಾಗೇ ಕೊಟ್ಟು ಹೋಗಿದಾಳೆ. ಕೇಳಿ. 'ಈ ಸಮೀಕರಣದ ಎರಡೂ ಕಡೆ ಡೈಮೆನ್ಷನ್ ಹೊಂದುತ್ತದೆ. ಆದರೆ ಡೈಮೆನ್ಷನ್ ಹೊಂದಿದ ಮಾತ್ರಕ್ಕೆ ಸರಿಯೆಂದು ಹೇಳಲಾಗದು, ಟು ಎ ಎಸ್‌ನ ಆ ಎರಡು ಎಂಬ ಅಂಕಿಯನ್ನು ಅದು ಪರೀಕ್ಷಿಸುವುದಿಲ್ಲ. ಆದ್ದರಿಂದ ಕ್ಯಾಲ್ಕುಲಸ್‌ನಿಂದಲೂ ಸಾಧಿಸಿ ನೋಡಿದೆ. ಅದೇ ಬಂತು. ಹಾಗಾಗಿ ತಪ್ಪಿರುವುದು ಸಮೀಕರಣದಲ್ಲಲ್ಲ, ಪ್ರಶ್ನೆಯಲ್ಲಿ.'"

ಯೂನಿಟ್ ಮೇಷ್ಟ್ರ ಎದೆ ಅಷ್ಟೆಲ್ಲಾ ಸಂಕಟದ ನಡುವೆಯೂ ಉಬ್ಬಿತು. ಕಣ್ಣಲ್ಲಿ ನೀರು ಬಂತು. "ನೋಡಿದ್ರಾ ಸಾರ್! ನನ್ನ ಶಿಷ್ಯೆ! ಅಂಕಿ ವಿಷಯ ಕೂಡ ಮರೆತಿಲ್ಲ ನೋಡಿ. ಇಪ್ಪತ್ತಕ್ಕೆ ಇಪ್ಪತ್ತು ಸಾರ್ ಇವಳಿಗೆ!"

"ಅಂಕಿ ವಿಷಯ ಅವಳು ಮರೆತಿಲ್ಲ, ಸರಿ," ಎಂದು ಗೊಣಗಿದರು ಗಣಿತದ ಮೇಷ್ಟ್ರು.

"ಇಂಥ ಮಕ್ಕಳ ಹೊಟ್ಟೆ ಮೇಲೆ ಹೊಡೆದ್ರಲ್ಲ ಸಾರ್!" ಯೂನಿಟ್ ಮೇಷ್ಟ್ರ ಸಿಟ್ಟು ಮತ್ತೆ ಭುಗಿಲೆದ್ದಿತು. "ತಿದ್ದಿದೋರು ಯಾರೇ ಆಗಿರಲಿ, ಸುಮ್ನೆ ಬಿಡಬೇಡಿ. ತಿದ್ದೋ ಚಟ ತಾನೇ? ಇಡೀ ಕಾಲೇಜಿನ ಎಲ್ಲಾ ವಿಷಯದ ಪ್ರಶ್ನೆಪತ್ರಿಕೆ ಪ್ರೂಫೂ ಅವರ ತಲೆಗೇ ಕಟ್ಟಿ! ತಿದ್ದಿ ತಿದ್ದಿ ಸುಸ್ತಾಗಲಿ!"

ಪ್ರಿನ್ಸಿಪಾಲರಿಗೆ ಆ ಸಲಹೆ ಹಿಡಿಸಿತು. ಪ್ರೂಫ್ ನೋಡುವ ಕೆಲಸಕ್ಕೆ ಎಷ್ಟು ಗೋಗರೆದರೂ ಯಾರೂ ಸಿಗುತ್ತಿರಲಿಲ್ಲ. "ಎಷ್ಟು ಕಾಲ ಕಟ್ಟೋಣ?"

"ಐದು ಸಾರ್! ಐದಕ್ಕಿಂತ ಒಂದು ಕಡಿಮೆ ಆಗಕೂಡದು!"

"ಆಗಲಿ, ಐದು," ಎಂದರು ಪ್ರಿನ್ಸಿಪಾಲರು. ಐದು ಏನು ಎಂದು ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಯೂನಿಟ್ ಇಲ್ಲವೆಂದು ವರ್ಷವರ್ಷವೂ ಹುಡುಗರ ಅಂಕ ಕತ್ತರಿಸಿದ ಮಹಾನುಭಾವರು ಸಿಟ್ಟಿನ ಭರದಲ್ಲಿ ತಮ್ಮದೇ ಯೂನಿಟ್ಟನ್ನು ನುಂಗಿಬಿಟ್ಟಿದ್ದರು. "ಒಂದು ವಿಷಯ ನೆನಪಿರಲಿ. ಪ್ರೂಫ್ ನೋಡೋರಿಗೆ ಎಲ್ಲಾ ಪತ್ರಿಕೆಗಳ ಗುಟ್ಟೂ ಗೊತ್ತಿರುತ್ತೆ. ಹಾಗಾಗಿ ಆ ಕೆಲಸ ಮುಗಿಯೋವರೆಗೂ ಅವರು ಯಾವ ವಿಭಾಗದ ಮುಖ್ಯಸ್ಥರೂ ಆಗೋ ಹಾಗಿಲ್ಲ. ನಮ್ಮ ನಿಯಮ ಅದು."

"ಬಹಳ ಒಳ್ಳೇ ನಿಯಮ ಸಾರ್! ಅಂಥವರಿಗೆ ಕುರ್ಚಿ ಬೇರೆ ಕೇಡು!"

ಅದೇ ಹೊತ್ತಿಗೆ ಮೇಷ್ಟ್ರ ಹೆಂಡತಿ ಕೈಚೀಲ ಹಿಡಿದು ಬಾಗಿಲಲ್ಲಿ ಇಣುಕಿದರು. ಲೈಬ್ರರಿ ಮುಚ್ಚುವ ವೇಳೆಯಾಗಿತ್ತು. ಗಂಡ ಬೋರ್ಡಿನ ಮುಂದೆ ಹೋರಾಡಿದ ಸುದ್ದಿ ಅಲ್ಲಿಗೂ ತಲುಪಿತ್ತು.

"ಬನ್ನಿ ಮೇಡಂ, ಒಳ್ಳೇ ಸಮಯಕ್ಕೆ ಬಂದ್ರಿ," ಎಂದರು ಪ್ರಿನ್ಸಿಪಾಲರು. "ಪ್ರೂಫ್ ನಿಮ್ಮನೇಲಿದ್ದಾಗ ಬೇರೆ ಯಾರಾದ್ರೂ ಅದನ್ನ ಮುಟ್ಟಿದ್ರಾ?"

"ಅಯ್ಯೋ, ಎಲ್ಲಿ ಬಂತು ಸಾರ್? ನನಗೂ ತೋರಿಸ್ಲಿಲ್ಲ. ಬೀರುವಿಗೆ ಬೀಗ, ಬೀಗದ ಕೈ ಇವರ ಸೊಂಟದಲ್ಲಿ." ಗಂಡನ ಮುಖ ಗಂಟಿಕ್ಕಿರುವುದನ್ನು ನೋಡಿ ಆಕೆಗೆ ಮರುಕ ಹುಟ್ಟಿತು. ಹೊಗಳಿ ನಾಲ್ಕು ಮಾತು ಹೇಳಿದರೆ ಪ್ರಿನ್ಸಿಪಾಲರ ಮನಸ್ಸು ಕರಗೀತೆಂದು ಮುಂದುವರಿಸಿದರು. "ಇವರ ಕಣ್ಣು ಅಂದ್ರೆ ಸಾಮಾನ್ಯ ಅಲ್ಲ ಸಾರ್. ಆ ಭಾನುವಾರ ಮಧ್ಯಾಹ್ನ ಊಟ ಮಾಡಿ ಪ್ರೂಫ್ ಹಿಡ್ಕೊಂಡು ತೂಕಡಿಸ್ತಿದ್ರು. ಇದ್ದಕ್ಕಿದ್ದ ಹಾಗೆ ಧಡಕ್ಕಂತ ಎದ್ದು, 'ಯಾವ ಕತ್ತೆ ಇಲ್ಲಿ ದೂರದ ಬದಲು ಕಾಲ ಬರ್ದಿದೆ!' ಅಂತ ಕೂಗಿದ್ರು. ಅಂಗಡಿ ದೂರಕ್ಕೆ ನಿಮಿಷ ಹೇಳಿದ್ರೆ ನನಗೆ ಬೈತಾರಲ್ಲ, ಅದೇ ಬೈಗುಳ. ಅದಕ್ಕೇ ನೆನಪಿದೆ. ಕೆಂಪು ಪೆನ್ನಲ್ಲಿ ಹೊಡೆದು ತಿದ್ದಿ, ಮನೆ ತುಂಬಾ ಓಡಾಡಿದ್ರು. 'ಎಲ್ಲರ ಕಣ್ಣು ತಪ್ಪಿಸಿದ್ದು ನನ್ನ ಕಣ್ಣು ತಪ್ಪಿಸಲಿಲ್ಲ ನೋಡೇ' ಅಂದ್ರು. ನನಗೆ ಎಷ್ಟು ಹೆಮ್ಮೆ ಆಯ್ತು ಗೊತ್ತಾ ಸಾರ್!"

ಯೂನಿಟ್ ಮೇಷ್ಟ್ರಿಗೆ ಆ ಭಾನುವಾರ, ಆ ಜೊಂಪು, ಆ ಕೆಂಪು ಗೆರೆ ಎಲ್ಲವೂ ಒಟ್ಟಿಗೆ ನೆನಪಾಯಿತು. ಮುಖ ಕೆಂಪು ಪೆನ್ನಿಗಿಂತ ಕೆಂಪಾಯಿತು. ಟೈಪಿಸ್ಟ್ ಮೇಡಂ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಗಣಿತದ ಮೇಷ್ಟ್ರು ಮೊದಲು ನಕ್ಕರು, ಆಮೇಲೆ ಪ್ರಿನ್ಸಿಪಾಲರು ನಕ್ಕರು, ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಆದ್ರೂ ಸಾರ್," ಎಂದರು ಯೂನಿಟ್ ಮೇಷ್ಟ್ರು ಕೊನೆಗೆ, ನೆಲ ನೋಡುತ್ತಾ, "ಅರೆನಿದ್ದೇಲೂ ಹಿಡಿದೆ ನೋಡಿ."

"ಹಿಡಿದ್ರಿ, ಇಲ್ಲ ಅನ್ನಲ್ಲ. ಶಿಕ್ಷೆನೂ ನೀವೇ ಹೇಳಿದ್ರಿ, ಅದನ್ನೂ ಇಲ್ಲ ಅನ್ನಲ್ಲ." ಪ್ರಿನ್ಸಿಪಾಲರು ಟೈಪಿಸ್ಟ್ ಮೇಡಂ ಕಡೆ ತಿರುಗಿದರು. "ಒಂದು ಆದೇಶ ಹೊಡೀರಮ್ಮಾ. ಇವರ ಹೆಸರಿಗೆ, ಎಲ್ಲಾ ಪತ್ರಿಕೆಗಳ ಪ್ರೂಫ್ ಕೆಲಸ, ಐದು. ಬೇಗ ತನ್ನಿ, ಮನೆಗೆ ಹೋಗಬೇಕು."

ಟೈಪಿಸ್ಟ್ ಮೇಡಂಗೂ ಮನೆಗೆ ಹೋಗುವ ಅವಸರ. ಪ್ರಯೋಗಾಲಯಕ್ಕೆ ಐದು ಮೀಟರ್ ತಂತಿ ತರಿಸುವ ಬೆಳಗಿನ ಆದೇಶ ಕಂಪ್ಯೂಟರಿನಲ್ಲಿ ಹಾಗೇ ಇತ್ತು. ಹಿಂದೆ ಮುಂದೆ ಬದಲಾಯಿಸಿ, ಐದು ಹೇಗೂ ಇದೆಯಲ್ಲ ಎಂದು ನಡುವಿನ 'ಐದು ಮೀಟರ್' ಹಾಗೇ ಉಳಿಸಿ, ತಂದು ಮುಂದಿಟ್ಟರು. ಪ್ರಿನ್ಸಿಪಾಲರು ಇನ್ನೂ ಒದ್ದೆಯಾಗಿದ್ದ ಕಣ್ಣಿನಲ್ಲೇ ರುಜು ಹಾಕಿ ಯೂನಿಟ್ ಮೇಷ್ಟ್ರ ಕೈಗೆ ಕೊಟ್ಟರು.

ಮೇಷ್ಟ್ರು ಓದಿದರು. 'ಸದರಿಯವರು ಇಂದಿನಿಂದ ಐದು ಮೀಟರ್ ಕಾಲ ಎಲ್ಲಾ ಪ್ರಶ್ನೆಪತ್ರಿಕೆಗಳ ಪ್ರೂಫ್ ನೋಡತಕ್ಕದ್ದು.'

ಹೆಗಲ ಮೇಲಿಂದ ಇಣುಕಿದ ಗಣಿತದ ಮೇಷ್ಟ್ರು ಅದನ್ನು ಓದಿದರು. ಬೆಳಿಗ್ಗೆಯಿಂದ ಜಗಳವಾಡಿದ ಮನುಷ್ಯ ಮೊದಲ ಬಾರಿಗೆ ಸ್ನೇಹದಿಂದ ಕಿವಿಯ ಬಳಿ ಪಿಸುಗುಟ್ಟಿದರು. "ಮೇಷ್ಟ್ರೇ, ತುಟಿ ಪಿಟಕ್ಕೆನ್ನದೆ ಜೇಬಿಗಿಟ್ಕೊಳ್ಳಿ. ಐದು ಮೀಟರ್ ಈ ಬಾಗಿಲು ದಾಟೋಷ್ಟರಲ್ಲಿ ಮುಗಿದುಹೋಗುತ್ತೆ. ಈ ಆದೇಶಾನ ಯಾರಪ್ಪನೂ ಜಾರಿ ಮಾಡೋಕಾಗಲ್ಲ. ಕುರ್ಚಿ ನಿಮ್ಮದೇ."

ಒಳ್ಳೆಯ ಸಲಹೆ. ಬೇರೆ ಯಾರಾಗಿದ್ದರೂ ಕೇಳುತ್ತಿದ್ದರು. ಆದರೆ ಯೂನಿಟ್ ಮೇಷ್ಟ್ರ ಕಣ್ಣು ಆ ಪದದ ಮೇಲೆ ನೆಟ್ಟಿತ್ತು. ಬಲಗೈ ಜೇಬಿಗೆ ಹೋಗಿತ್ತು. ಕೆಂಪು ಪೆನ್ನಿನ ಮುಚ್ಚಳ ತಾನಾಗಿ ಬಿಚ್ಚಿಕೊಂಡಿತ್ತು.

"ರೀ, ಬಿಡ್ರೀ, ಏನಾದ್ರೂ ಇರಲಿ," ಎಂದರು ಹೆಂಡತಿ. ಆ ಮುಖಭಾವವನ್ನು ಅವರು ಭಾನುವಾರ ನೋಡಿದ್ದರು.

"ಬಿಡೋದೇನು? ಕಾಲ ಅಂತೆ, ಮೀಟರ್ ಅಂತೆ! ಡೈಮೆನ್ಷನ್ನೇ ಹೊಂದಲ್ಲ! ರುಜು ಹಾಕೋ ಮುಂಚೆ ಯಾರೂ ನೋಡಲ್ವಾ?" ಸರ್ರನೆ 'ಮೀಟರ್' ಹೊಡೆದುಹಾಕಿ ಮೇಲೆ ಬರೆದರು: 'ವರ್ಷ'. ಕಳ್ಳನ ಮೇಲೆ ಸಿಟ್ಟು ಬಂದಾಗ ಅವರ ಮನಸ್ಸಿನಲ್ಲಿದ್ದದ್ದು ವರ್ಷವೇ. ಬೇಟೆ ಹೊಡೆದವನಂತೆ ಕಾಗದವನ್ನು ಪ್ರಿನ್ಸಿಪಾಲರ ಮುಂದೆ ಹಿಡಿದರು. "ನೋಡಿ ಸಾರ್. ಇಷ್ಟು ಜನ ಇದ್ದೀರಿ. ಹಿಡಿದೋನು ನಾನೊಬ್ಬನೇ."

ಪ್ರಿನ್ಸಿಪಾಲರು ಕನ್ನಡಕ ಹಾಕಿಕೊಂಡು ಓದಿದರು. ಬಹಳ ಹೊತ್ತು ಓದಿದರು.

"ನಾನು ವಾರ ಅಂದ್ಕೊಂಡಿದ್ದೆ ಕಣ್ರೀ," ಎಂದರು. "ಐದು ವಾರ. ರಜೆ ಮುಗಿಯೋ ಹೊತ್ತಿಗೆ ನಿಮ್ಮ ಪ್ರೂಫ್ ಕೆಲಸಾನೂ ಮುಗಿದಿರುತ್ತೆ, ಆಮೇಲೆ ಕುರ್ಚಿ ನಿಮಗೇ ಕೊಟ್ಟುಬಿಡೋಣ ಅಂತಿದ್ದೆ."

ಯೂನಿಟ್ ಮೇಷ್ಟ್ರು ಪೆನ್ನು ಹಿಡಿದ ಕೈಯನ್ನು ಮತ್ತೆ ಮುಂದೆ ಚಾಚಿದರು. "ಸಾರ್, ವಾರ ಅಂತ... ವಾರ ಅಂತ ತಿದ್ದಿಬಿಡ್ಲಾ ಸಾರ್?"

"ಬೇಡಪ್ಪಾ, ನೀವು ಇನ್ನೇನೂ ತಿದ್ದಬೇಡಿ!" ಪ್ರಿನ್ಸಿಪಾಲರು ಕಾಗದವನ್ನು ಎದೆಗೆ ಅವಚಿಕೊಂಡರು. "ಪತ್ರಿಕೇಲಿ ಒಂದ್ಸಲ, ಆದೇಶದಲ್ಲಿ ಒಂದ್ಸಲ ತಿದ್ದಿ ಎರಡು ಸಲವೂ ಕೆಡಿಸಿದೋರಿಗೆ ವಿಭಾಗ ಒಪ್ಪಿಸೋ ಧೈರ್ಯ ನನಗಿಲ್ಲ. ವರ್ಷ ಅಂತ ನಿಮ್ಮ ಕೈಬರಹದಲ್ಲೇ ಇದೆ. ಇರಲಿ ಬಿಡಿ." ಖಾನೆಯಿಂದ ಮೊಹರು ತೆಗೆದು ಕೆಂಪು ತಿದ್ದುಪಡಿಯ ಮೇಲೇ ಠಪ್ಪೆಂದು ಒತ್ತಿದರು.

"ವಾರವೂ ಕಾಲ, ವರ್ಷವೂ ಕಾಲ," ಎಂದು ಗಣಿತದ ಮೇಷ್ಟ್ರು ಸಮಾಧಾನ ಹೇಳಿದರು. "ಡೈಮೆನ್ಷನ್ ಏನೋ ಹೊಂದುತ್ತೆ ಮೇಷ್ಟ್ರೇ. ಆ ಹುಡುಗಿ ಬರೆದಿದ್ಲಲ್ಲ, ಹೊಂದಿದ ಮಾತ್ರಕ್ಕೆ ಸರಿ ಅಂತ ಹೇಳೋಕಾಗಲ್ಲ ಅಂತ."

ಗಂಡ ಹೆಂಡತಿ ಇಬ್ಬರೂ ಮನೆಯ ದಾರಿ ಹಿಡಿದಾಗ ಬಿಸಿಲು ಇಳಿದಿತ್ತು. ಮೇಷ್ಟ್ರ ಬಗಲಲ್ಲಿ ಇತಿಹಾಸದ ಪ್ರೂಫಿನ ಕಟ್ಟು ಆಗಲೇ ಬಂದು ಕೂತಿತ್ತು.

"ನಮ್ಮಕ್ಕಂಗೆ ಏನಂತ ಹೇಳ್ಲಿ ಈಗ?" ಎಂದರು ಹೆಂಡತಿ.

ಮೇಷ್ಟ್ರು ಬಗಲಿನ ಕಟ್ಟನ್ನು ನೋಡಿಕೊಂಡರು. ಆಮೇಲೆ ಕತ್ತು ನಿಧಾನವಾಗಿ ಮೇಲೆದ್ದಿತು. "ಕುರ್ಚಿ ಹೋದ್ರೆ ಹೋಯ್ತು. ಆ ಹುಡುಗಿಗೆ ಹಾಗೆ ಬರೆಯೋಕೆ ಕಲಿಸಿದ್ದು ಯಾರು? ಆ ಮೀಟರನ್ನ ಹಿಡಿದಿದ್ದು ಯಾರು? ಅದನ್ನ ಹೇಳು ನಿಮ್ಮಕ್ಕಂಗೆ."

"ಹೇಳ್ತೀನಿ ಬಿಡಿ."

ಕಟ್ಟು ಭಾರವಾಗಿತ್ತು. ಮೇಷ್ಟ್ರು ಅದನ್ನು ಎಡಗಡೆಯಿಂದ ಬಲಗಡೆಗೆ ಬದಲಾಯಿಸಿಕೊಂಡು ಏದುಸಿರು ಬಿಟ್ಟರು. "ಮನೆ ಇನ್ನೂ ಎಷ್ಟು ದೂರ ಇದೆಯೇ?"

"ಐದು," ಎಂದರು ಹೆಂಡತಿ.

"ಐದು ಏನೇ?"

"ನೀವೇ ಬರ್ಕೊಳ್ಳಿ. ಕೆಂಪು ಪೆನ್ನು ಜೇಬಲ್ಲೇ ಇದೆಯಲ್ಲ."